ಮಾತು ನಿಂತವರ ಮಿದುಳು: ನರಮಂಡಲದ ಪಾಠಕ್ಕೆ ಪೂರಕ ಟಿಪ್ಪಣಿ

ನರಮಂಡಲದ ಪಾಠವು ಸಾಮಾನ್ಯವಾಗಿ ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಣಿಶಿರ ಎಂಬ ಹೆಸರುಗಳನ್ನು ಚಿತ್ರದಲ್ಲಿ ಗುರುತಿಸುವುದರೊಂದಿಗೆ ಮುಗಿದುಹೋಗುತ್ತದೆ. ಆದರೆ ಅದೇ ತರಗತಿಯಲ್ಲಿ, ಲಕ್ವ ಹೊಡೆದು ಮಾತು ನಿಂತ ಅಜ್ಜನನ್ನೋ ಅಜ್ಜಿಯನ್ನೋ ಮನೆಯಲ್ಲಿ ಕಂಡ ಮಗು ಕುಳಿತಿರಬಹುದು. "ಅವರಿಗೆ ಈಗ ಏನೂ ತಿಳಿಯುವುದಿಲ್ಲ" ಎಂದು ಆ ಹಿರಿಯರ ಎದುರಿಗೇ ಆಡಿದ ಮಾತನ್ನೂ ಅದು ಕೇಳಿರಬಹುದು. ಆ ಮಾತು ನಿಜವೇ ಎಂಬ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು.

1861ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಲೆಬೋರ್ನ್ ಎಂಬ ರೋಗಿಯನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದನು. ಏನು ಕೇಳಿದರೂ ರೋಗಿಯ ಬಾಯಿಂದ ಹೊರಡುತ್ತಿದ್ದುದು 'ತಾನ್, ತಾನ್' ಎಂಬ ಸದ್ದು ಮಾತ್ರ. ಆಸ್ಪತ್ರೆಗೆ ಸೇರಿ ಎಷ್ಟು ವರ್ಷವಾಯಿತೆಂದು ಕೇಳಿದಾಗ ಆತನು ಅಂಗೈಯನ್ನು ನಾಲ್ಕು ಬಾರಿ ಬಿಚ್ಚಿ ತೋರಿಸಿ, ಬಳಿಕ ಒಂದು ಬೆರಳನ್ನು ಎತ್ತಿದನು: ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಕೆಲವೇ ದಿನಗಳಲ್ಲಿ ಆತನು ತೀರಿಕೊಂಡಾಗ, ಮಿದುಳಿನ ಎಡಗಡೆಯ ಮುಂಭಾಗವು ಹಾನಿಗೊಂಡಿರುವುದು ಕಂಡುಬಂದಿತು. ಮಾತನ್ನು ಹೊರಡಿಸುವ ಶಕ್ತಿ ಬೇರೆ, ತಿಳಿವಳಿಕೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ದೊರೆಯಲಾರದು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಮಾತು ಸರಾಗವಾಗಿ ಹರಿದರೂ ಅರ್ಥವಿಲ್ಲದ, ಕೇಳಿದ್ದೂ ತಿಳಿಯದ ರೋಗಿಗಳನ್ನು 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದನು.

ಮಿದುಳಿನ ರಕ್ತನಾಳ ಮುಚ್ಚಿಕೊಂಡರೂ, ಒಡೆದು ರಕ್ತ ಸೋರಿದರೂ ಹೊರಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ಚಿಕಿತ್ಸೆ ಮಾತ್ರ ಬೇರೆ. ಹೆಪ್ಪನ್ನು ಕರಗಿಸುವ ಔಷಧಿಯು ರಕ್ತಸ್ರಾವವಾದವನ ಪ್ರಾಣಕ್ಕೇ ಎರವಾಗಬಹುದು. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ಬಂದ ಮೇಲೆಯೇ ಈ ಭೇದವನ್ನು ಬದುಕಿರುವವರಲ್ಲಿ ಸುಲಭವಾಗಿ ತಿಳಿಯಲು ಸಾಧ್ಯವಾಯಿತು.

ಎರಡು ಭಾಷೆ ಬಲ್ಲವರ ಸಂಗತಿ ನಮ್ಮ ಗಡಿನಾಡಿನ ಶಾಲೆಗಳಿಗೆ ಹೆಚ್ಚು ಹತ್ತಿರವಾದುದು. ಮೊದಲು ಕಲಿತ ಭಾಷೆಯೇ ಕೊನೆಯವರೆಗೆ ಉಳಿಯುವುದೆಂದು ಫ್ರಾನ್ಸಿನ ರಿಬೋ ಹೇಳಿದನು; ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುವುದೆಂದು 1895ರಲ್ಲಿ ಪಿತ್ರ್ ವಾದಿಸಿದನು. ಮಾತೃಭಾಷಾ ಶಿಕ್ಷಕರಾದ ನಮಗೆ ರಿಬೋನ ಮಾತೇ ಹಿತವೆನಿಸೀತು. ಆದರೆ ಮುಂದಿನ ರೋಗಿಗಳು ಎರಡು ನಿಯಮಗಳಿಗೂ ಒಳಪಡಲಿಲ್ಲ. ಅನೇಕರಲ್ಲಿ ಎರಡೂ ಭಾಷೆಗಳು ಜೊತೆಯಾಗಿಯೇ ಮರಳುತ್ತವೆ, ಕೆಲವರಲ್ಲಿ ಒಂದೇ ಮರಳುತ್ತದೆ. ಎಚ್ಚರದಲ್ಲಿರುವ ರೋಗಿಯ ಮಿದುಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು, ಚಿತ್ರಗಳ ಹೆಸರು ಹೇಳಿಸುವ ಕ್ರಮವಿದೆ. ಮಿದುಳಿಗೆ ನೋವಿನ ಅರಿವಿಲ್ಲದ್ದರಿಂದ ಇದು ಸಾಧ್ಯ. ಹೀಗೆ ಪರೀಕ್ಷಿಸಿದ ಓಜೆಮನ್ ಮತ್ತು ವಿಟೇಕರ್, ಕೆಲವು ಬಿಂದುಗಳಲ್ಲಿ ಒಂದು ಭಾಷೆಯ ಹೆಸರು ಮಾತ್ರ ತಡೆಯುತ್ತದೆಂದು 1978ರಲ್ಲಿ ವರದಿ ಮಾಡಿದರು. ಆದ್ದರಿಂದ ಮಾತಿನ ಕೇಂದ್ರದ ಬಳಿ ಗಡ್ಡೆಯಿದ್ದಾಗ ರೋಗಿಯು ಬಲ್ಲ ಎಲ್ಲ ಭಾಷೆಗಳನ್ನೂ ವೈದ್ಯರು ತಿಳಿದಿರಬೇಕು.

ರಾಜ್ಯಭಾಷೆಯಲ್ಲಿ ಮಾತ್ರ ಪ್ರಶ್ನಿಸಿದರೆ, ಮನೆಯಲ್ಲಿ ಕನ್ನಡವಾಡುವ ಅಜ್ಜಿಯ ಅರ್ಧ ಶಕ್ತಿ ದಾಖಲೆಗೇ ಬಾರದೆ ಹೋಗಬಹುದು. "ಇವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಕನ್ನಡದಲ್ಲಿಯೂ ಕೇಳಿ" ಎಂಬ ವಾಕ್ಯವನ್ನು ಆಯಾ ರಾಜ್ಯದ ಭಾಷೆಯಲ್ಲಿ ಹೇಳಲು ಮಕ್ಕಳಿಗೆ ಅಭ್ಯಾಸ ಮಾಡಿಸಿರಿ.

ಚಟುವಟಿಕೆಗೆ ಲೆಬೋರ್ನ್‌ನ ಬೆರಳೆಣಿಕೆಯೇ ಸಾಕು: ಮಾತಿಲ್ಲದೆ ತಮ್ಮ ವಯಸ್ಸು, ಊರು, ಹಸಿವು ಇವನ್ನು ಮಕ್ಕಳು ಪರಸ್ಪರ ತಿಳಿಸಲಿ, ಊರಿನ ಹೆಸರಿನಲ್ಲಿ ಎಲ್ಲರೂ ಸೋಲುತ್ತಾರೆ. ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನೀರನ್ನೂ ಕುಡಿಸದೆ ಒಡನೆಯೇ 108ಕ್ಕೆ ಕರೆಮಾಡಬೇಕೆಂಬುದನ್ನೂ ಬರೆಯಿಸಿರಿ. ಇಂತಹ ರೋಗಿಯಿರುವ ಮನೆಯ ಮಗುವನ್ನು ಎಬ್ಬಿಸಿ ನಿಲ್ಲಿಸಿ ವಿವರ ಕೇಳಬಾರದು. ತಾನಾಗಿ ಹೇಳಿದರೆ ಕೇಳಬೇಕು.