ಕಾರ್ಡು ಕೇಳುವ ಮುಂಚೆ ನಾಡಿ ನೋಡು

ತಂಗೀ,

ತುಮಕೂರಿನಲ್ಲಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುತ್ತಿದ್ದೀಯೆ. ನಿನ್ನ ಪಾಲಿಗೆ ಜಿಲ್ಲಾಸ್ಪತ್ರೆ ಬರಲಿ, ಗುಬ್ಬಿಯದೋ ಕುಣಿಗಲ್ಲಿನದೋ ತಾಲ್ಲೂಕು ಆಸ್ಪತ್ರೆ ಬರಲಿ, ಮೊದಲ ವಾರದಲ್ಲೇ ಯಾರಾದರೂ ಹಿರಿಯರು ಕಿವಿಗೆ ಒಂದು ಮಾತು ಹಾಕುತ್ತಾರೆ: "ನೋಡಮ್ಮಾ, ತಲೆ ಓಡಿಸೋದು ಡಾಕ್ಟ್ರ ಕೆಲಸ, ಬರೆದ ಆರ್ಡರ್ ಮಾಡೋದು ನಮ್ಮ ಕೆಲಸ. ಜಾಸ್ತಿ ಯೋಚನೆ ಮಾಡಿದ್ರೆ ನಿನಗೇ ಕಷ್ಟ." ಕೆಟ್ಟ ಮನಸ್ಸಿನಿಂದ ಆಡುವ ಮಾತಲ್ಲ ಅದು, ನಿನ್ನನ್ನು ಕಾಪಾಡಲೆಂದೇ ಹೇಳುತ್ತಾರೆ. ಆದರೂ ಅದು ನಿಜವಲ್ಲ. ವಾರ್ಡಿಗೆ ಕಾಲಿಟ್ಟ ಕೂಡಲೇ ಯಾವ ಹಾಸಿಗೆಯ ಬಳಿ ಮೊದಲು ಹೋಗಬೇಕು, ಯಾರ ಬಿಪಿ ಇನ್ನೊಮ್ಮೆ ನೋಡಬೇಕು, ಯಾರನ್ನು ಬೆಳಗಿನ ರೌಂಡ್ಸ್‌ವರೆಗೆ ಬಿಡಬಹುದು, ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೋ ಬೇಡವೋ, ಇದ್ಯಾವುದಕ್ಕೂ ಕೇಸ್ ಶೀಟಿನಲ್ಲಿ ಆರ್ಡರ್ ಇರುವುದಿಲ್ಲ. ಎಲ್ಲವೂ ನಿನ್ನ ತೀರ್ಮಾನವೇ. ಎಬ್ಬಿಸದೆ ಸುಮ್ಮನಿದ್ದೆಯೋ, ಅದೂ ತೀರ್ಮಾನವೇ. ಹಾಗಾಗಿ ತೀರ್ಮಾನದಿಂದ ತಪ್ಪಿಸಿಕೊಳ್ಳುವ ದಾರಿ ನಿನಗಿಲ್ಲ. ಅದನ್ನು ತಿಳಿದು ಮಾಡುತ್ತೀಯೋ, ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ ಮಾಡುತ್ತೀಯೋ, ಪ್ರಶ್ನೆ ಅಷ್ಟೇ.

ಇದಕ್ಕೆ ದೂರದ ಉದಾಹರಣೆ ಬೇಡ. 2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲೇ ನಡೆದದ್ದನ್ನು ನೀನು ಪತ್ರಿಕೆಯಲ್ಲಿ ಓದಿರುತ್ತೀಯೆ. ತಮಿಳುನಾಡಿನ ಕಡೆಯ ಬಡ ಗರ್ಭಿಣಿಯೊಬ್ಬಳು ನೋವು ಕಾಣಿಸಿಕೊಂಡು ಜಿಲ್ಲಾಸ್ಪತ್ರೆಗೆ ಬಂದಳು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡು, ಆಧಾರ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳಿಸಿದರು ಎಂಬುದು ಆರೋಪ. ಮನೆಯಲ್ಲೇ ಅವಳಿ ಮಕ್ಕಳ ಹೆರಿಗೆಯಾಯಿತು. ತಾಯಿಯೂ ಉಳಿಯಲಿಲ್ಲ, ಎರಡು ಕೂಸುಗಳೂ ಉಳಿಯಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯೆಯನ್ನೂ ಮೂವರು ನರ್ಸ್‌ಗಳನ್ನೂ ಸರ್ಕಾರ ಅಮಾನತು ಮಾಡಿತು. ಯಾರದು ಎಷ್ಟು ತಪ್ಪು ಎಂಬುದನ್ನು ವಿಚಾರಣೆಗೆ ಬಿಡೋಣ. ನಿನಗೆ ಬೇಕಾದ ವಿಷಯ ಬೇರೆ. ಕಾರ್ಡಿನ ಪ್ರಶ್ನೆ ಕಚೇರಿಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನೋವು ತಿನ್ನುತ್ತಿರುವವಳ ಮುಂದೆ ಅದನ್ನು ಕೇಳಿ ಉತ್ತರ ಸಿಗದಾಗ "ಹೋಗಿ ಬಾ" ಅಂದರೆ, ಅವಳಿಗೆ ಸದ್ಯಕ್ಕೆ ಅಪಾಯವಿಲ್ಲ ಎಂಬ ವೈದ್ಯಕೀಯ ತೀರ್ಪನ್ನು ಕೊಟ್ಟಂತಾಯಿತು, ಅದೂ ಹೊಟ್ಟೆ ಮುಟ್ಟದೆ, ನಾಡಿ ಹಿಡಿಯದೆ. ಅವಳಿ ಬಸಿರಿನಲ್ಲಿ ಗರ್ಭಕೋಶ ಮಿತಿಮೀರಿ ಹಿಗ್ಗಿರುತ್ತದೆ, ಹೆರಿಗೆಯಾದ ಮೇಲೆ ಸರಿಯಾಗಿ ಕುಗ್ಗದೆ ರಕ್ತ ಹರಿಯುವ ಅಪಾಯ ಹೆಚ್ಚು. ಇದು ನೀನು ಪರೀಕ್ಷೆಗೆ ಓದಿ ಬರೆದ ಪಾಠವೇ. ಓದಿದ್ದು ಬಾಗಿಲಲ್ಲಿ ನಿಂತವಳಿಗೆ ತಲುಪಬೇಕಾದರೆ ಮೊದಲು ಯಾವ ಪ್ರಶ್ನೆ ಕೇಳಬೇಕು ಎಂಬ ವಿವೇಕ ಬೇಕು. ಕಾನೂನು ಕೂಡ ನಿನ್ನ ಬೆನ್ನಿಗಿದೆ: ಜೀವ ಉಳಿಸುವುದು ಮೊದಲು, ಕಾಗದ ಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿಯಾಗಿದೆ.

ವಿವೇಕ ಅಂದಕೂಡಲೇ ಅನುಭವಸ್ಥರು ಕಣ್ಣಂದಾಜಿನ ಮಾತು ತೆಗೆಯುತ್ತಾರೆ. "ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ನನಗೆ ನೋಡಿದ್ರೇ ಗೊತ್ತಾಗುತ್ತೆ." ಇದನ್ನು ತಳ್ಳಿಹಾಕಬೇಡ. ನುರಿತ ನರ್ಸ್‌ಗೆ ನಿಯಮ ಹುಡುಕುವ ಮುಂಚೆಯೇ ರೋಗಿಯ ಸ್ಥಿತಿ ಒಟ್ಟಾಗಿ ಕಾಣುತ್ತದೆ ಎಂದು ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. "ಯಾಕೋ ಇವರು ಸರಿಯಿಲ್ಲ" ಎಂದು ಹಿರಿಯ ಸಿಸ್ಟರ್ ಅಂದರೆ ಎದ್ದು ಹೋಗು. ಆದರೆ ಅದೇ ಕಣ್ಣು "ಏನೂ ಆಗಿಲ್ಲ" ಅಂದಾಗ ಮಾತ್ರ ಅಳತೆ ಕೇಳು. ಯಾಕೆಂದರೆ ಹೆರಿಗೆಯ ರಕ್ತಸ್ರಾವದ ವಿಷಯದಲ್ಲಿ ಈ ಕಣ್ಣಂದಾಜನ್ನು ಬೆಳಗಾವಿಯಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಹೆರಿಗೆಯಾದವಳ ಕೆಳಗೆ ಹಾಸಿ, ರಕ್ತ ಆಲಿಕೆಯಂಥ ಚೀಲಕ್ಕೆ ಇಳಿದು ಎಂಎಲ್ ಲೆಕ್ಕದಲ್ಲಿ ಓದಲು ಸಿಗುವಂತೆ ಅಲ್ಲಿ ಒಂದು ಪ್ಲಾಸ್ಟಿಕ್ ಹಾಸು ತಯಾರಾಯಿತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಂದಾಜು ಆ ಹಾಸಿನ ಅಳತೆಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ತೋರಿಸಿತು. ಬಟ್ಟೆ ಹೀರಿಕೊಂಡದ್ದು, ಮಂಚದ ಕೆಳಗೆ ಹರಿದದ್ದು ಕಣ್ಣಿಗೆ ಲೆಕ್ಕವಾಗುವುದಿಲ್ಲ. ತಪ್ಪು ಎರಡೂ ಕಡೆ ಸಮನಾಗಿ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ಅದು ಹೆಚ್ಚಾಗಿ ನಮಗೆ ಸಮಾಧಾನ ಕೊಡುವ ಕಡೆಗೇ ಜಾರುತ್ತದೆ. ಹಾಗಾಗಿ ಅಪಾಯ.

ಸರಿ, ಅಳೆದೆ ಅಂತಿಟ್ಟುಕೊ. ಅಂಕಿ ತಾನೇ ಮಾತಾಡುತ್ತದೆಯೇ? ಬಾಣಂತಿಯ ಪಲ್ಸ್ 112, ಬಿಪಿ 110/70. ಬಿಪಿಯನ್ನಷ್ಟೇ ನೋಡಿದವರು "ನಾರ್ಮಲ್" ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಹರೆಯದ ಗಟ್ಟಿ ಹೆಣ್ಣುಮಗಳ ದೇಹ ಸಾಕಷ್ಟು ರಕ್ತ ಹೋದರೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊದಲು ಓಡುವುದು ನಾಡಿ. ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡು. 0.9ಕ್ಕೆ ಮುಟ್ಟಿದರೆ ಎಚ್ಚರಿಕೆ, ಇಲ್ಲಿ 1 ದಾಟಿದೆ. ಎರಡು ಅಂಕಿಗಳನ್ನು ಒಟ್ಟಿಗೆ ಓದಿದ್ದಕ್ಕೆ ಅರ್ಥ ಹೊರಬಿತ್ತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಎಚ್ಚರಿಕೆ ಅಂಕಪಟ್ಟಿಯೂ ಇದೇ ತತ್ವದ್ದು: ಉಸಿರು, ಆಕ್ಸಿಜನ್, ಮೇಲಿನ ಬಿಪಿ, ನಾಡಿ, ಪ್ರಜ್ಞೆ, ಜ್ವರ ಸೇರಿಸಿ ಕೂಡಿದಾಗ 5 ಬಂದರೆ ತುರ್ತು, 7 ಬಂದರೆ ಓಡು. ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಚಾರ್ಟಿನ ಉದ್ದಕ್ಕೂ ಉಸಿರಿನ ಸಾಲಿನಲ್ಲಿ 20, 20, 20 ಎಂದಿದ್ದರೆ ಅಲ್ಲಿ ಯಾರೂ ಎಣಿಸಿಲ್ಲ ಎಂದು ತಿಳಿ. ಆದರೆ ಈ ಪಟ್ಟಿ ಬಸುರಿಯರಿಗೆ, ಹದಿನಾರು ತುಂಬದ ಮಕ್ಕಳಿಗೆ ಅಲ್ಲವೆಂದು ಮಾಡಿದವರೇ ಹೇಳಿದ್ದಾರೆ. ಬೀಡಿ ಸೇದಿ ಶ್ವಾಸಕೋಶ ಹಾಳಾದ ಮುದುಕರಲ್ಲಿ ಕೆಲವರಿಗೆ ಆಕ್ಸಿಜನ್ 88ರಿಂದ 92 ಇದ್ದರೇ ಕ್ಷೇಮ, ನೂರಕ್ಕೆ ಏರಿಸಲು ಹೋದರೆ ತೊಂದರೆ. ಪಟ್ಟಿ ಇದ್ದರೆ ಯೋಚಿಸುವ ಕೆಲಸ ತಪ್ಪಿತು ಅನ್ನುವವರಿಗೆ ಇದೇ ಉತ್ತರ.

ಪರೀಕ್ಷೆಯ ಫಲಿತಾಂಶಕ್ಕೂ ಇದೇ ಮಾತು. ಗುಬ್ಬಿಯ ಕಡೆ ತೋಟ, ಹೊಲ ಇರುವಲ್ಲಿ ಹಾವು ಕಡಿತದ ಕೇಸು ನಿನಗೆ ತಪ್ಪಿದ್ದಲ್ಲ. ಬಂದವರಿಗೆ ಮಾಡುವ ಪರೀಕ್ಷೆ ಸರಳ: 2 ಎಂಎಲ್ ರಕ್ತವನ್ನು ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಬಗ್ಗಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದು ಲೆಕ್ಕ. ಇಷ್ಟು ಸರಳವಾದದ್ದರಲ್ಲೂ ಎರಡು ಕಡೆ ಎಡವಬಹುದು. ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಅಥವಾ ಗಾಜಿನ ಬದಲು ಪ್ಲಾಸ್ಟಿಕ್ ಟ್ಯೂಬ್ ತೆಗೆದುಕೊಂಡಿದ್ದರೆ, ವಿಷವಿಲ್ಲದವರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಇನ್ನೊಂದು ಇದಕ್ಕಿಂತ ಘೋರ. ನೆಲದ ಮೇಲೆ ಮಲಗಿದ್ದವನೊಬ್ಬ ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾನೆ. ಕಡಿದದ್ದೇ ಗೊತ್ತಿಲ್ಲ, ಹಲ್ಲಿನ ಗುರುತಿಲ್ಲ, ಊತವಿಲ್ಲ. ಅನುಮಾನ ಬಂದು ಟ್ಯೂಬ್ ಬಗ್ಗಿಸಿದರೆ ರಕ್ತ ಚೆನ್ನಾಗಿ ಹೆಪ್ಪುಗಟ್ಟಿದೆ. ಅಸಿಡಿಟಿ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದು ಎಷ್ಟು ಸುಲಭ! ಆದರೆ ಅವನನ್ನು ಕಡಿದದ್ದು ಕಟ್ಟುಹಾವಾಗಿದ್ದರೆ, ಅದರ ವಿಷ ರಕ್ತಕ್ಕಲ್ಲ, ನರಕ್ಕೆ ಬಡಿಯುತ್ತದೆ. ಆ ಟ್ಯೂಬಿನಲ್ಲಿ ಅದು ಕಾಣುವುದೇ ಇಲ್ಲ. ಅವನ ರೆಪ್ಪೆಗಳನ್ನು ನೋಡು, ಜೋತುಬೀಳುತ್ತಿವೆಯೇ? ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲ? ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಲು ಹೇಳು, ಇಳಿಯಿತೇ? ಆಕ್ಸಿಮೀಟರ್ ಇನ್ನೂ 98 ತೋರಿಸುತ್ತಿರಬಹುದು. ಅದು ಇಳಿಯುವ ಹೊತ್ತಿಗೆ ಕೈಯಲ್ಲಿ ಸಮಯವಿರುವುದಿಲ್ಲ, ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್ ಇದೆ. ಪರೀಕ್ಷೆ "ಇಲ್ಲ" ಅಂದಾಗ, ಅದು ಏನನ್ನು ನೋಡಿ "ಇಲ್ಲ" ಅಂದಿತು ಎಂದು ಕೇಳಿಕೊಳ್ಳುವುದಿದೆಯಲ್ಲ, ನಾನು ತಲೆ ಓಡಿಸುವುದು ಅನ್ನುವುದು ಅದನ್ನೇ.

ಇಷ್ಟು ಓದಿ ನೀನು ಕೇಳಬಹುದು: ರೋಗ ನಿರ್ಣಯಿಸುವ, ಔಷಧಿ ಬರೆಯುವ ಅಧಿಕಾರ ನನಗೆಲ್ಲಿದೆ? ಇಲ್ಲ, ಅದನ್ನು ನಾನೂ ಕೇಳುತ್ತಿಲ್ಲ. ಆದರೆ ಡಾಕ್ಟರ ನಿರ್ಣಯ ನಿಂತಿರುವುದು ನೀನು ಕೊಟ್ಟ ಸುದ್ದಿಯ ಮೇಲೆ. "ಸಾರ್, ಮೂರನೇ ಬೆಡ್ಡು ಸ್ವಲ್ಪ ಸುಸ್ತು" ಅಂದರೆ "ಡ್ರಿಪ್ ಹಾಕಿ, ಬೆಳಿಗ್ಗೆ ನೋಡೋಣ" ಅನ್ನುವ ಉತ್ತರ ಬಂದೀತು. "ಹೆರಿಗೆಯಾಗಿ ಒಂದು ಗಂಟೆ, ಪಲ್ಸ್ 90 ಇದ್ದದ್ದು 112 ಆಗಿದೆ, ಗರ್ಭಕೋಶ ಮೆತ್ತಗಿದೆ, ರಕ್ತ ಹೋಗುತ್ತಿದೆ ಅನ್ನಿಸುತ್ತೆ, ನೀವು ಈಗ ಬರಬೇಕು" ಅಂದರೆ ಮಲಗಿದವರೂ ಎದ್ದು ಕೂರುತ್ತಾರೆ. ಬೈಗುಳ ಬೀಳಬಹುದು. ಬೀಳಲಿ ಎಂದು ಹೇಳುವುದು ದೂರದಲ್ಲಿ ಕುಳಿತ ನನಗೆ ಸುಲಭ ಅಂತ ಗೊತ್ತು, ಆದರೂ ಹೇಳುತ್ತೇನೆ. ಕರೆದ ಸಮಯ, ಹೇಳಿದ ಅಂಕಿ, ಬಂದ ಉತ್ತರ ಮೂರನ್ನೂ ನೋಟ್ಸಿನಲ್ಲಿ ಬರೆ. ಇನ್ನು ಅಧಿಕಾರದ ಮಾತು: 2006ರಲ್ಲೇ ಪ್ರಕಟವಾದ ಬೆಳಗಾವಿ ಜಿಲ್ಲೆಯ ಇನ್ನೊಂದು ಅಧ್ಯಯನದಲ್ಲಿ ಹಳ್ಳಿಗಳ ಸಹಾಯಕ ನರ್ಸ್‌ಗಳಾದ ಎಎನ್‌ಎಂಗಳೇ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. 1,620 ಹೆಂಗಸರಲ್ಲಿ, ಮಾತ್ರೆ ಸಿಗದವರ ಪೈಕಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಫಲಿತಾಂಶ ಬಂತು. ಅಳೆಯುವ ಹಾಸು ಕೊಟ್ಟು, ಗೊತ್ತಾದ ಕೂಡಲೇ ಗೊತ್ತುಪಡಿಸಿದ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಶುರುಮಾಡಲು ಬಿಟ್ಟ ಕಡೆ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಸಾವುನೋವು ಸೇರಿದ ಒಟ್ಟು ಪ್ರಕರಣಗಳು ನೂರಕ್ಕೆ 60ರಷ್ಟು ತಗ್ಗಿದವು. ನರ್ಸ್ ಕೈಗೆ ಅಳತೆಯನ್ನೂ ಮೊದಲೇ ಒಪ್ಪಿದ ನಿಯಮವನ್ನೂ ಕೊಟ್ಟರೆ ಆಗುವುದು ಅನಾಹುತವಲ್ಲ, ಇದು.

ಕೊನೆಯ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಬ್ಬಳೇ ಇಡೀ ವಾರ್ಡು ನೋಡುವಾಗ ಯೋಚನೆಗೆ ಪುರಸೊತ್ತೆಲ್ಲಿ? ನ್ಯಾಯವಾದ ಮಾತು. ಸಂಶೋಧಕಿ ಲಿಂಡಾ ಏಕನ್ ಮತ್ತು ಜೊತೆಯವರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಕಂಡದ್ದು ಇದು: ನರ್ಸ್ ಒಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಏರುತ್ತದೆ. ಆದ್ದರಿಂದ ವಿವೇಚನೆಯ ಉಪದೇಶ ಕೊಟ್ಟು ಖಾಲಿ ಹುದ್ದೆ ತುಂಬದೆ ಇರುವವರನ್ನು ನಂಬಬೇಡ, ನನ್ನನ್ನೂ ಸೇರಿಸಿ. ಆದರೆ ಪುರಸೊತ್ತಿಲ್ಲದ ರಾತ್ರಿಯಲ್ಲೇ ಯಾರ ಬಳಿ ಮೊದಲು ಹೋಗಬೇಕೆಂಬ ಪ್ರಶ್ನೆ ಜೋರಾಗಿ ಏಳುವುದು. ಡ್ಯೂಟಿ ವಹಿಸಿಕೊಳ್ಳುವಾಗ ಹೋಗುವ ಸಿಸ್ಟರನ್ನು "ಎಲ್ಲಾ ಸರಿ ಇದ್ದಾರಾ" ಎಂದು ಕೇಳಬೇಡ, "ಈ ರಾತ್ರಿ ಯಾರು ಕೆಡಬಹುದು" ಎಂದು ಕೇಳು. ಅವರು ತೋರಿಸಿದ ಇಬ್ಬರ ಉಸಿರನ್ನು ಪೂರ್ತಿ ಒಂದೊಂದು ನಿಮಿಷ ಎಣಿಸು. ಮಿಕ್ಕವರ ಚಾರ್ಟು ತಡವಾದರೆ ತಡವಾಯಿತೆಂದೇ ಬರೆ, ನೋಡದ ಬಿಪಿಯನ್ನು ನೋಡಿದಂತೆ ತುಂಬಬೇಡ. ತುಂಬಿದ ಚಾರ್ಟು ಈ ವಾರ್ಡಿಗೆ ಒಬ್ಬ ನರ್ಸ್ ಸಾಕು ಎಂದು ಮೇಲಿನವರಿಗೆ ಸಾಕ್ಷಿ ಹೇಳುತ್ತದೆ.

ಇತಿ ನಿನ್ನ ಹಿತೈಷಿ