ಚಿಪ್ಪುಜೀವಿಯಲ್ಲಿ ಸೇರಿದ ತವರವನ್ನು ಅಳೆಯುವ ಬಗೆ

ತವರ ನಿಮಗೆ ಅಪರಿಚಿತವಲ್ಲ. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಅದೇ. ಆ ರೂಪದಲ್ಲಿ ಅದರಿಂದ ಹೆಚ್ಚಿನ ಅಪಾಯವಿಲ್ಲ. ಆದರೆ ತವರದ ಪರಮಾಣುವಿಗೆ ಬ್ಯುಟೈಲ್ ಎಂಬ ಇಂಗಾಲದ ಸರಪಣಿಗಳು ಮೂರು ಅಂಟಿಕೊಂಡರೆ ಅದು ಟ್ರೈಬ್ಯುಟೈಲ್‌ಟಿನ್, ಚಿಕ್ಕದಾಗಿ ಟಿಬಿಟಿ, ಎಂಬ ಘೋರ ವಿಷ. ಹಡಗಿನ ತಳಕ್ಕೆ ಕಡಲಜೀವಿಗಳು ಹತ್ತದಿರಲೆಂದು ಇದನ್ನು ಬಣ್ಣದಲ್ಲಿ ಬೆರೆಸುತ್ತಿದ್ದರು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಈ ವಿಷದಿಂದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು, ಮರಿಗಳು ಉಳಿಯಲಿಲ್ಲ. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು; ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ.

ಹಾಗಾಗಿ ‘ತವರ ಎಷ್ಟಿದೆ?’ ಎಂದಷ್ಟೇ ಕೇಳಿದರೆ ಸಾಲದು, ‘ಯಾವ ರೂಪದಲ್ಲಿದೆ?’ ಎಂದೂ ಕೇಳಬೇಕು. ಚಿಪ್ಪುಜೀವಿಯ ಮಾಂಸವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸರಪಣಿಗಳೆಲ್ಲ ಕಳಚಿ ಒಟ್ಟು ತವರ ಮಾತ್ರ ಸಿಗುತ್ತದೆ. ಅದಕ್ಕೇ ಒಣಗಿಸಿ ಪುಡಿ ಮಾಡಿದ ಮಾಂಸವನ್ನು ಅಸಿಟಿಕ್ ಆಮ್ಲದಂಥ ಸೌಮ್ಯ ದ್ರವದಲ್ಲಿ ಕಲಕಿ ಟಿಬಿಟಿಯನ್ನು ಹೊರತೆಗೆಯುತ್ತಾರೆ. ಕಷ್ಟವಿರುವುದು ಇಲ್ಲೇ. ತೀರಾ ಸೌಮ್ಯವಾದರೆ ವಿಷ ಮಾಂಸದಲ್ಲೇ ಉಳಿಯುತ್ತದೆ. ತುಸು ಕಟುವಾದರೆ ಒಂದು ಸರಪಣಿ ಕಳಚಿ ಬೇರೆಯೇ ಸಂಯುಕ್ತವಾಗುತ್ತದೆ.

ಇದಕ್ಕೊಂದು ಸೊಗಸಾದ ಉಪಾಯವಿದೆ. ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು ಐಸೊಟೋಪು ಎನ್ನುತ್ತಾರೆ. ತವರಕ್ಕೆ ಸ್ಥಿರವಾದ ಐಸೊಟೋಪುಗಳೇ 10. ಇಷ್ಟು ಬೇರಾವ ಧಾತುವಿಗೂ ಇಲ್ಲ. ತವರ-119 ಹೆಚ್ಚಾಗಿರುವ ಟಿಬಿಟಿಯನ್ನು ತಯಾರಿಸಿ, ತೂಗಿ, ಮೊದಲೇ ಮಾದರಿಗೆ ಸೇರಿಸುತ್ತಾರೆ. ಮುಂದೆ ಅರ್ಧ ನಷ್ಟವಾದರೂ ಸೇರಿಸಿದ್ದೂ ಮಾಂಸದಲ್ಲಿದ್ದದ್ದೂ ಅರ್ಧರ್ಧ ಹೋಗುತ್ತದೆ, ಅವುಗಳ ಅನುಪಾತ ಕೆಡುವುದಿಲ್ಲ. ನೀವು ಸೇರಿಸಿದ್ದು 100 ನ್ಯಾನೋಗ್ರಾಂ ಎನ್ನಿ. ಪರಮಾಣುಗಳನ್ನು ತೂಕದಂತೆ ಬೇರ್ಪಡಿಸುವ ಉಪಕರಣದ ಅಳತೆಯಿಂದ, ಸೇರಿಸಿದ್ದರ ಅರ್ಧದಷ್ಟು ಮಾಂಸದ್ದು ಎಂದು ತಿಳಿದರೆ, ಮಾಂಸದಲ್ಲಿದ್ದದ್ದು ಸುಮಾರು 50.

ಆದರೆ ಒಂದು ಎಚ್ಚರ ಬೇಕು. ಸೇರಿಸಿದ್ದು ಸುಲಭವಾಗಿ ಹೊರಬಂದು, ಜೀವಿಯೊಳಗೆ ಮೊದಲೇ ಇದ್ದದ್ದು ಮಾಂಸಕ್ಕೇ ಅಂಟಿಕೊಂಡಿದ್ದರೆ ಅನುಪಾತವೇ ದಾರಿ ತಪ್ಪಿಸುತ್ತದೆ. ಆದ್ದರಿಂದ ಕಲುಷಿತ ನೀರಿನಲ್ಲೇ ಬೆಳೆದ ಪಚ್ಚಿಲೆ ಎಂಬ ಚಿಪ್ಪುಜೀವಿಗಳ, ಟಿಬಿಟಿ ಪ್ರಮಾಣವನ್ನು ಮೊದಲೇ ಪ್ರಮಾಣೀಕರಿಸಿದ ಪುಡಿಯನ್ನು ಪ್ರತಿ ಸರದಿಯಲ್ಲೂ ಜೊತೆಗಿಟ್ಟು ಅಳೆಯುತ್ತಾರೆ. ಪ್ರಯೋಗಾಲಯದ ವರದಿ ಕೈಗೆ ಬಂದಾಗ ನೀವು ಮೊದಲು ನೋಡಬೇಕಾದದ್ದು ಆ ಪುಡಿಗೆ ಬಂದ ಅಂಕಿಯನ್ನು.