ಗದ್ದೆ, ಬೆದ್ದಲು, ತೋಟ, ತುಡಿಕೆ



ಒಕ್ಕಲುತನದ ಮನೆಗಳಲ್ಲಿ ನಿತ್ಯವೂ ನುಡಿಯುವ ಕೆಲವು ಪದಗಳನ್ನು ಈ ಪಾಠದಲ್ಲಿ ವಿಚಾರಿಸೋಣ. ಪದದ ಅರ್ಥವು ಮರೆತುಹೋದಲ್ಲಿ ಪಾಂಡಿತ್ಯಕ್ಕೆ ಮಾತ್ರ ಕೊರತೆಯಾಗುವುದಿಲ್ಲ, ಬಾಂಧವ್ಯವೂ ಮುರಿಯುವುದುಂಟು.

ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರ ಮಕ್ಕಳಾದ ಇಬ್ಬರು ಗೃಹಸ್ಥರು ಹಿರಿಯರ ಕಾಲದ ಪಾಲುಪತ್ರವೊಂದನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ಬಂದರು. ಕೆರೆಯ ಕೆಳಗಣ ಗದ್ದೆ ಹತ್ತು ಕೊಳಗ, ಅಣ್ಣನಿಗೆ ಐದು, ತಮ್ಮನಿಗೆ ಐದು ಎಂದು ಅದರಲ್ಲಿ ಬರೆದಿತ್ತು. ಮೋಜಣಿ ಮಾಡಿಸಿದಾಗ ಅಣ್ಣನ ಪಾಲು 22 ಗುಂಟೆ, ತಮ್ಮನ ಪಾಲು 18 ಗುಂಟೆಯಾಯಿತು. “ದೊಡ್ಡಪ್ಪನವರು ಬದುವನ್ನು ಒತ್ತಿದ್ದಾರೆ, ಗುರುಗಳೆ” ಎಂದು ಕಿರಿಯ ಮನೆಯವನು ಕಣ್ಣೀರು ತಂದನು. ಹಿರಿಯ ಮನೆಯವನು ಮುಖ ತಿರುಗಿಸಿ ಕುಳಿತಿದ್ದನು. ಇವರ ವ್ಯಾಜ್ಯದ ಮೂಲವು ‘ಕೊಳಗ’ವೆಂಬ ಒಂದು ಪದದಲ್ಲಿಯೇ ಇತ್ತು. ಅದನ್ನು ತಿಳಿಯುವುದಕ್ಕೆ ಮೊದಲು ನೆಲದ ಹೆಸರುಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ನೀರಿನಿಂದ ಬಂದ ಭೇದ. ನಮ್ಮ ಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ, ತುಡಿಕೆ ಎಂಬ ಪದಗಳು ಜೊತೆಜೊತೆಯಾಗಿ ಬರುತ್ತವೆ. ನೀರು ನಿಲ್ಲಿಸಿ ಬತ್ತ ಬೆಳೆಯುವ ನೆಲವು ಗದ್ದೆ. ಮಳೆಯನ್ನೇ ನಂಬಿದ ನೆಲವು ಬೆದ್ದಲು. ಗಿಡಮರಗಳನ್ನು ನೆಟ್ಟು ನೀರೆರೆದು ಸಾಕುವುದು ತೋಟ. ಅದರ ಕಿರಿಯ ರೂಪ ತುಡಿಕೆ. ಮನೆಯ ಹಿಂದೆ ಕಾಯಿಪಲ್ಯ ಬೆಳೆಯುವಷ್ಟು ಜಾಗವಿದ್ದರೆ ಅದು ಹಿತ್ತಲು. ಕಂದಾಯದ ಲೆಕ್ಕದಲ್ಲಿ ಇವೇ ತರಿ, ಖುಷ್ಕಿ, ಬಾಗಾಯ್ತು ಎಂಬ ಹೆಸರುಗಳನ್ನು ತಳೆದುವು. ‘ಹೊಲ’ವೆಂಬುದು ಹಳಗನ್ನಡದ ‘ಪೊಲ’. ಪಕಾರವು ಹಕಾರವಾದುದಕ್ಕೆ ಇದು ಒಳ್ಳೆಯ ನಿದರ್ಶನ. ಶಾಸನಗಳಲ್ಲಿ ಹೊಲಕ್ಕೆ ‘ಕೆಯ್’ ಎಂಬ ಇನ್ನೊಂದು ಹೆಸರೂ ಉಂಟು. ಸಂಸ್ಕೃತದ ‘ಕ್ಷೇತ್ರ’ವು ವಾಸಿಸು ಎಂಬರ್ಥದ ಧಾತುವಿನಿಂದ ಬಂದುದು.

ಎರಡನೆಯದು ಅಳತೆಯಿಂದ ಬಂದ ಭೇದ. ಪೂರ್ವದಲ್ಲಿ ಮತ್ತರು, ಕಮ್ಮ ಎಂಬ ಅಳತೆಗಳಿದ್ದುವು. ನೆಲವನ್ನು ಅಳೆಯುವ ಗಳೆಯು ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಅಲ್ಲಮಪ್ರಭುದೇವರ ನಾಡೆಂದು ನಾವು ಸ್ಮರಿಸುವ ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯ ಹೆಸರಿದೆ. ಒಕ್ಕಲಿಗನಿಗಾದರೋ ಬೀಜವೇ ಅಳತೆ. ಒಂದು ಖಂಡುಗ ಬೀಜ ಹಿಡಿಯುವ ನೆಲವು ಖಂಡುಗದ ಗದ್ದೆ. ಖಂಡುಗಕ್ಕೆ 20 ಕೊಳಗ. ಬಯಲುಸೀಮೆಯಲ್ಲಿ ಬಿತ್ತುವ ಸಾಧನವಾದ ಕೂರಿಗೆಯ ಹೆಸರೇ ನೆಲದ ಅಳತೆಗೂ ಸಂದಿತು.

ಗುಂಟೆಯ ಮಾತು ಬೇರೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಹೆಕ್ಟೇರಿಗೆ ಸುಮಾರು 2 ಎಕರೆ 19 ಗುಂಟೆ. ಒಂದು ಹೆಕ್ಟೇರಿಗಿಂತ ಕಡಿಮೆಯಿರುವುದನ್ನು ಅತಿ ಸಣ್ಣ ಹಿಡುವಳಿಯೆಂದೂ, ಒಂದರಿಂದ ಎರಡು ಹೆಕ್ಟೇರಿನವರೆಗಿನದನ್ನು ಸಣ್ಣ ಹಿಡುವಳಿಯೆಂದೂ ಸರ್ಕಾರದ ಕೃಷಿಗಣತಿಯು ಕರೆಯುತ್ತದೆ. ಈ ಲೆಕ್ಕಕ್ಕೆ ಕಲ್ಲುನೆಲವೂ ಒಂದೆ, ಎರೆಮಣ್ಣೂ ಒಂದೆ.

ಈಗ ಆ ಪಾಲುಪತ್ರಕ್ಕೆ ಬರೋಣ. ಕೊಳಗವು ನೆಲದ ಉದ್ದಗಲದ ಅಳತೆಯಲ್ಲ, ಬೀಜದ ಅಳತೆ. ಮಣ್ಣಿನ ಗುಣ, ನೀರಿನ ಆಸರೆ, ಬಿತ್ತುವ ಕ್ರಮ ಇವು ಬೇರೆಯಾದರೆ ಅದೇ ಐದು ಕೊಳಗ ಬೀಜಕ್ಕೆ ಬೇಕಾಗುವ ನೆಲದ ವಿಸ್ತಾರವೂ ಬೇರೆಯಾಗುತ್ತದೆ. ಹಿರಿಯರು ಬೀಜದಲ್ಲಿ ಸಮಪಾಲು ಮಾಡಿದರು. ಮಕ್ಕಳು ಅದನ್ನು ಗುಂಟೆಯಲ್ಲಿ ಓದಿದರು. ಬದುವು ಒಂದಂಗುಲವೂ ಸರಿಯದೆ ನಾಲ್ಕು ಗುಂಟೆಯ ಅಂತರ ಬರಬಹುದು. ಇಷ್ಟನ್ನು ಬಿಡಿಸಿ ಹೇಳಿದಾಗ ಅವರಿಬ್ಬರೂ ಬಹಳ ಹೊತ್ತು ಸುಮ್ಮನಿದ್ದರು. ಮರುದಿನ ಜೊತೆಯಾಗಿ ಹೋಗಿ ಬದುವಿನ ಹುಲ್ಲು ಸವರಿ ನೋಡಿದರಂತೆ. ಹಳೆಯ ಗಡಿಕಲ್ಲು ಇದ್ದಲ್ಲಿಯೇ ಇದ್ದಿತು. ತೀರಿಹೋದ ಹಿರಿಯರ ಮೇಲೆ ಹೊರಿಸಿದ್ದ ಕಳಂಕವು ಹೀಗೆ ಕಳೆಯಿತು.

ಶರಣರಿಗೆ ನೆಲದ ಮಾತು ಹೊರಗಿನದಾಗಿರಲಿಲ್ಲ. ಒಕ್ಕಲಿಗ ಮುದ್ದಣ್ಣನು ತನ್ನ ಬೇಸಾಯದ ಕಾಯಕದ ಮಾತಿನಲ್ಲಿಯೇ ಅನುಭಾವವನ್ನು ನುಡಿದನು. ನೆಲವೂ ಅದರ ಫಲವೂ ಭಗವಂತನು ಇತ್ತುವೆಂಬುದನ್ನು ದಾಸಿಮಯ್ಯನು ನೆನಪಿಸಿದನು. ಆಯ್ದಕ್ಕಿ ಲಕ್ಕಮ್ಮನು ಅಂದಿನ ಅಗತ್ಯಕ್ಕೆ ಮೀರಿ ಬಂದ ಅಕ್ಕಿಯನ್ನು ಪತಿಯಿಂದ ಹಿಂದಿರುಗಿಸಿದಳೆಂಬ ಕಥೆಯನ್ನು ಬಲ್ಲೆವು. ಅವಳಿಗೂ ಒಂದು ಅಳತೆಯಿತ್ತು. ಅದು ಅಗತ್ಯದ ಅಳತೆ.

ಗುಂಟೆಯ ಲೆಕ್ಕವು ಬೇಡವೆಂದು ನಾನು ಹೇಳುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಬಡ ಒಕ್ಕಲಿಗನ ಪಾಡು ಏನೆಂಬುದನ್ನು ಬಲ್ಲೆವು. ಆದರೆ ಸರ್ವೆ ನಂಬರು ಆ ನೆಲ ಯಾರದು, ಎಷ್ಟು ಎಂಬುದನ್ನು ತಿಳಿಸುತ್ತದೆ. ಹುಣಸೆಮರದ ಹೊಲ, ಕೆರೆಕೆಳಗಣ ಗದ್ದೆ, ಐದು ಕೊಳಗದ ಮಡಿ ಎಂಬ ಹೆಸರುಗಳು ಆ ನೆಲ ಎಂಥದು, ಏನನ್ನು ಬೇಡುತ್ತದೆ ಎಂಬುದನ್ನು ತಿಳಿಸುತ್ತವೆ. ಗೃಹಸ್ಥನಿಗೆ ಎರಡೂ ಬೇಕು.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಬರುವ ಸೋಮವಾರ ಪೂಜೆಯಾದ ಬಳಿಕ ಮನೆಯ ಹಿರಿಯರನ್ನು ಕುಳ್ಳಿರಿಸಿಕೊಂಡು ನಿಮ್ಮ ಒಂದೊಂದು ತುಂಡು ನೆಲದ ಹೆಸರನ್ನೂ, ಆ ಹೆಸರು ಬಂದ ಬಗೆಯನ್ನೂ ಕೇಳಿ, ಸರ್ವೆ ನಂಬರಿನ ಪಕ್ಕದಲ್ಲಿ ಬರೆದಿಡಿರಿ. ಆ ಹಾಳೆಯನ್ನು ಪಾಲುಪತ್ರದ ಜೊತೆಯಲ್ಲಿಯೇ ಮಡಿಚಿಡಿರಿ. ಮುಂದೆ ಪಾಲು ಕೇಳುವ ಮಕ್ಕಳು ಮೊದಲು ಅದನ್ನು ಓದಲಿ.